ಜುಲೈ ಪೂರ್ತಿ ಕಾಲುವೆಯಲ್ಲಿ: ಎಲ್ಲರೂ ಕೇಳುವ ಪ್ರಶ್ನೆಗಳು

ನಾನೂ ನನ್ನ ಹೆಂಡತಿಯೂ ಇಂಗ್ಲೆಂಡಿನ ಕಾಲುವೆಗಳಲ್ಲಿ ಒಂದು ಜುಲೈ ತಿಂಗಳು ಪೂರ್ತಿ ದೋಣಿಯಲ್ಲಿ ಕಳೆದೆವು. ಜೊತೆಗೆ ವಾರ ವಾರವೂ ಬೇರೆ ಬೇರೆ ಗೆಳೆಯರು. ಅಲ್ಲಿಂದ ಬಂದ ಮೇಲೆ ಊರಿನವರು, ಆಫೀಸಿನವರು, ಕನ್ನಡ ಬಳಗದವರು, ಎಲ್ಲರೂ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟಿದ್ದೇನೆ.

ದೋಣಿ ನಿಮ್ಮದೇನಾ?

ಅಲ್ಲ. ಗೆಳೆಯ ದಂಪತಿಗಳದ್ದು. ಕವೆಂಟ್ರಿಯಲ್ಲಿ ನಮ್ಮ ಹಳೇ ಪಕ್ಕದ ಮನೆಯವರು, ಈಗ ನಿವೃತ್ತರು. ಇಬ್ಬರಿಗೂ 70 ದಾಟಿದೆ. ಲಾಕ್ ಗೇಟುಗಳನ್ನು (ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿಯ ಬಾಗಿಲುಗಳು, ಮುಂದೆ ಹೇಳುತ್ತೇನೆ) ತಳ್ಳೋಕೆ ಅವರಿಗೆ ಜನ ಬೇಕಿತ್ತು, ನಮಗೆ ದೋಣಿ ಬೇಕಿತ್ತು. ವ್ಯಾಪಾರ ಕುದುರಿತು.

ದೋಣಿಯ ಉದ್ದ 57 ಅಡಿ, ಅಗಲ 6 ಅಡಿ 10 ಇಂಚು. ಸಂಖ್ಯೆ ತಪ್ಪಾಗಿ ಬಿದ್ದಿಲ್ಲ, ಅಗಲ ಅಷ್ಟೇ. ಇದಕ್ಕೆ ನ್ಯಾರೋಬೋಟ್ ಅನ್ನುತ್ತಾರೆ. ಒಳಗೆ ನಿಂತು ಎರಡೂ ಕೈ ಚಾಚಿದರೆ ಹೆಚ್ಚುಕಡಿಮೆ ಎರಡೂ ಗೋಡೆ ಸಿಗುತ್ತವೆ. ಈ ಕಡೆಯ ಎಷ್ಟೋ ಕಾಲುವೆಗಳ ಲಾಕ್‌ಗಳು 7 ಅಡಿ ಅಗಲ ಮಾತ್ರ ಇರುವುದರಿಂದ ದೋಣಿಗಳೂ ಅದೇ ಅಳತೆಗೆ ಹುಟ್ಟಿಕೊಂಡವು.

ಒಂದು ತಿಂಗಳಲ್ಲಿ ಎಲ್ಲೆಲ್ಲಿ ಹೋದಿರಿ?

ಕೇಳಿದವರೆಲ್ಲ ಉತ್ತರ ಕೇಳಿ ನಗುತ್ತಾರೆ. ನಾರ್ಥಾಂಪ್ಟನ್‌ಶೈರಿನ ಬ್ರಾನ್‌ಸ್ಟನ್ ಎಂಬ ಹಳ್ಳಿಯಿಂದ ಹೊರಟು, ಆಕ್ಸ್‌ಫರ್ಡ್ ಕಾಲುವೆ ಹಿಡಿದು ಆಕ್ಸ್‌ಫರ್ಡ್‌ಗೆ ಹೋದೆವು. 50 ಮೈಲಿಗಿಂತ ಸ್ವಲ್ಪ ಜಾಸ್ತಿ. ಕಾರಿನಲ್ಲಿ ಒಂದು ಗಂಟೆಯ ದಾರಿ, ನಮಗೆ ಎಂಟು ದಿನ ಹಿಡಿಯಿತು. ಅದೇ ದಾರಿಯಲ್ಲಿ ವಾಪಸ್. ಮೂರನೇ ವಾರ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಲೆಮಿಂಗ್ಟನ್, ವಾರಿಕ್ ದಾಟಿ ಹ್ಯಾಟನ್‌ವರೆಗೆ. ನಾಲ್ಕನೇ ವಾರ ಲೆಸ್ಟರ್ ಕಡೆಯ ಕವಲಿನಲ್ಲಿ ಫಾಕ್ಸ್‌ಟನ್‌ವರೆಗೆ. ಅಷ್ಟೇ.

ನಮ್ಮ ಮಾವ ಫೋನಿನಲ್ಲಿ, 'ಅಲ್ಲಯ್ಯ, ನಡ್ಕೊಂಡು ಹೋಗಿದ್ರೆ ಬೇಗ ಬರ್ತಿದ್ದೆ' ಅಂದರು. ನಿಜವೇ. ದೋಣಿಯ ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿರುವ ದೋಣಿಗಳ ಪಕ್ಕ ಅದಕ್ಕಿಂತಲೂ ನಿಧಾನ ಹೋಗಬೇಕು, ಇಲ್ಲದಿದ್ದರೆ ಒಳಗಿನವರ ಟೀ ಚೆಲ್ಲುತ್ತದೆ, ಅವರು ಕಿಟಕಿಯಿಂದ ತಲೆ ಹಾಕಿ ಬೈಯುತ್ತಾರೆ. ನಾಯಿ ಹಿಡಿದು ವಾಕಿಂಗ್ ಹೊರಟ ಅಜ್ಜಂದಿರು ನಮ್ಮನ್ನು ಆರಾಮಾಗಿ ಹಿಂದೆ ಹಾಕಿ ಹೋದರು.

ಅಲೆಪ್ಪಿಯ ಹೌಸ್‌ಬೋಟ್ ತರಹಾನಾ?

ಅಲ್ಲ. ಅಲ್ಲಿ ನೀವು ಕೂತಿರುತ್ತೀರಿ, ಓಡಿಸುವವರು ಬೇರೆ, ಮೀನು ಹುರಿಯುವವರು ಬೇರೆ. ಇಲ್ಲಿ ಡ್ರೈವರೂ ನೀವೇ, ಕ್ಲೀನರೂ ನೀವೇ, ಅಡುಗೆಯವರೂ ನೀವೇ. ಹಾಯಾಗಿ ಬಿದ್ದುಕೊಳ್ಳೋಣ ಅಂತ ಬರುವವರಿಗೆ ಅಲೆಪ್ಪಿಯೇ ಸರಿ.

ಈ ಕಾಲುವೆಗಳನ್ನು ಯಾಕೆ ತೋಡಿದರು? ನೀರಾವರಿಗಾ?

ನಾನು ಮಂಡ್ಯ ಕಡೆಯವನು. ಕಾಲುವೆ ಅಂದರೆ ನನ್ನ ತಲೆಗೆ ಬರುವುದು ವಿ.ಸಿ. ನಾಲೆ, ಕಬ್ಬಿನ ಗದ್ದೆ, ತೂಬು, ನೀರುಗಂಟಿ. ಇಲ್ಲಿಗೆ ಬಂದ ಹೊಸದರಲ್ಲಿ 'ಈ ನೀರು ಯಾವ ಗದ್ದೆಗೆ ಹೋಗುತ್ತೆ?' ಅಂತ ಕೇಳಿ ಪೆಚ್ಚಾಗಿದ್ದೆ. ಈ ನೀರು ಯಾವ ಗದ್ದೆಗೂ ಹೋಗುವುದಿಲ್ಲ. ಇದು ನೀರಿನ ರಸ್ತೆ.

ಮೊದಲು ಹೆಸರು ಮಾಡಿದ್ದು ಬ್ರಿಡ್ಜ್‌ವಾಟರ್ ಕಾಲುವೆ. ಒಬ್ಬ ಡ್ಯೂಕ್ ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ತೋಡಿಸಿದ. 1761ರಲ್ಲಿ ದೋಣಿ ಓಡಿತು. ಕತ್ತೆ, ಗಾಡಿಗಳ ಮೇಲೆ ಹೋಗುತ್ತಿದ್ದ ಇದ್ದಲು ನೀರಿನ ಮೇಲೆ ಹೋದಾಗ ಅದರ ಬೆಲೆ ಇಳಿಯಿತು. ಗಾಡಿ ಎಳೆದರೆ ಒಂದೆರಡು ಟನ್ ಎಳೆಯುವ ಕುದುರೆ, ದಡದ ಮೇಲೆ ನಡೆಯುತ್ತಾ ಹಗ್ಗದಲ್ಲಿ 25 ಟನ್‌ಗೂ ಮೀರಿದ ದೋಣಿಯನ್ನು ಎಳೆಯುತ್ತಿತ್ತು. ಲೆಕ್ಕ ಗೊತ್ತಾದ ಮೇಲೆ ಕಾಸಿದ್ದವರೆಲ್ಲ ಕಾಲುವೆ ತೋಡಲು ನಿಂತರು. ನಾವು ಹೋದ ಆಕ್ಸ್‌ಫರ್ಡ್ ಕಾಲುವೆ 1790ರಲ್ಲಿ ಮುಗಿಯಿತು.

ಆಮೇಲೆ ರೈಲು ಬಂತು. ದೋಣಿಯವರ ಕೂಲಿ ಬಿತ್ತು. ಮನೆ ಬಾಡಿಗೆ ಕಟ್ಟಲಾಗದೆ ಎಷ್ಟೋ ಜನ ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಹಿಂಭಾಗದ ಹತ್ತಡಿ ಕೋಣೆಯಲ್ಲಿ ಇಡೀ ಸಂಸಾರ. ಆ ಪುಟ್ಟ ಕೋಣೆಯ ಬಾಗಿಲಿಗೆ, ನೀರಿನ ಡಬ್ಬಕ್ಕೆ ಗುಲಾಬಿ ಹೂವು, ಕೋಟೆಯ ಚಿತ್ರ ಬರೆಯುತ್ತಿದ್ದರು. ಇವತ್ತಿಗೂ ದೋಣಿಗಳ ಮೇಲೆ ಅದೇ ಚಿತ್ರಗಳು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತವು. ಉಳಿದಿದ್ದ ಸಾಗಣೆ ವ್ಯಾಪಾರವೂ ಹೆಚ್ಚುಕಡಿಮೆ ಆಗಲೇ ಮುಗಿಯಿತು. ಈಗ ಓಡಾಡುವವರು ನಮ್ಮಂಥವರೇ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ.

ಲಾಕ್ ಲಾಕ್ ಅಂತೀರಲ್ಲ, ಏನದು?

ದೋಣಿ ಬೆಟ್ಟ ಹತ್ತುವ ಮೆಟ್ಟಿಲು. ನೀರಿಗೆ ಏರು ಗೊತ್ತಿಲ್ಲ, ಆದ್ದರಿಂದ ಕಾಲುವೆಯನ್ನು ಮಟ್ಟಸವಾಗಿ ತೋಡಿ, ಏರು ಬಂದಲ್ಲಿ ಒಂದು ಕಲ್ಲಿನ ತೊಟ್ಟಿ ಕಟ್ಟಿದ್ದಾರೆ. ತೊಟ್ಟಿಗೆ ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು. ಕೆಳಗಿನಿಂದ ಬಂದ ದೋಣಿ ಒಳಗೆ ಹೋಗುತ್ತದೆ. ಹಿಂದಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತಿದರೆ ನೀರು ನುಗ್ಗಿ ತೊಟ್ಟಿ ತುಂಬುತ್ತದೆ. ದೋಣಿ ತಾನಾಗಿ ಮೇಲೆ ಬರುತ್ತದೆ. ಎರಡೂ ಕಡೆ ನೀರು ಸಮ ಆದಾಗ ಮೇಲಿನ ಬಾಗಿಲು ತೆರೆಯುತ್ತದೆ. ಸಮ ಆಗುವ ಮುಂಚೆ ಎಂಥ ಪೈಲ್ವಾನ್ ತಳ್ಳಿದರೂ ಬಾಗಿಲು ಅಲ್ಲಾಡುವುದಿಲ್ಲ. ಅಷ್ಟೇ. ಮೋಟರ್ ಇಲ್ಲ, ಕರೆಂಟ್ ಇಲ್ಲ.

ತೂಬು ಎತ್ತಲು ವಿಂಡ್‌ಲಾಸ್ ಅನ್ನೋ ಕಬ್ಬಿಣದ ಹಿಡಿ ಬೇಕು, ಹಳೇ ಲಾರಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ತರಹ. ಗೇಟನ್ನು ತಳ್ಳಲು ಅದಕ್ಕೆ ಜೋಡಿಸಿದ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಕೈಯಿಂದ ತಳ್ಳಬೇಡಿ, ಸೊಂಟ ಹೋಗುತ್ತದೆ. ಬೆನ್ನು ಒತ್ತಿ, ಕಾಲು ಊರಿ, ಸುಮ್ನೆ ಕಾಯಿರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಕೂದಲೆಳೆಯಷ್ಟು ಜರುಗುತ್ತದೆ. ಆಮೇಲೆ ಬರುತ್ತದೆ.

ಇಳಿಯುವಾಗ ಒಂದು ಅಪಾಯ ಇದೆ. ಮೇಲಿನ ಬಾಗಿಲ ಕೆಳಗೆ ಒಂದು ಕಲ್ಲಿನ ಹೊಸ್ತಿಲು ಒಳಕ್ಕೆ ಚಾಚಿರುತ್ತದೆ. ಲಾಕ್ ತುಂಬಿದಾಗ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲಿದ್ದಾಗ ನೀರು ಇಳಿದರೆ, ಹಿಂಭಾಗ ಅಲ್ಲೇ ಕೂರುತ್ತದೆ, ಮುಂಭಾಗ ಕೆಳಗೆ ಹೋಗುತ್ತದೆ, ದೋಣಿ ಮುಳುಗುತ್ತದೆ. ಹೊಸ್ತಿಲು ಎಲ್ಲಿಯವರೆಗಿದೆ ಅಂತ ಪಕ್ಕದ ಗೋಡೆ ಮೇಲೆ ಬಿಳಿ ಗುರುತು ಹಾಕಿರುತ್ತಾರೆ. ಅದರ ಮುಂದೆಯೇ ನಿಲ್ಲಬೇಕು. ತೂಬಿನ ಹತ್ತಿರ ನಿಂತವರು ದೋಣಿ ಮೇಲೆ ಕಣ್ಣಿಟ್ಟಿರಬೇಕು, ಮೊಬೈಲ್ ಮೇಲಲ್ಲ. ತಿಂಗಳಿಡೀ ಹರಟೆ ಹೊಡೆದೆವು, ಈ ಐದು ನಿಮಿಷ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ.

ಲಾಕ್ ಇಲ್ಲದ ದಾರಿ ಆರಿಸಿಕೊಂಡರೆ ಆರಾಮಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು.

ಆಕ್ಸ್‌ಫರ್ಡ್ ಕಾಲುವೆಯಲ್ಲಿ ನ್ಯಾಪ್ಟನ್ ಗುಡ್ಡ ಹತ್ತಿದ ಮೇಲೆ, ಕ್ಲೇಡನ್‌ವರೆಗೆ 11 ಮೈಲಿ ಒಂದೂ ಲಾಕ್ ಇಲ್ಲ. ಕಾಲುವೆ ಹಾವಿನಂತೆ ಗುಡ್ಡ ಬಳಸಿ ಹೋಗುತ್ತದೆ. ಆವತ್ತು ದೋಣಿಯಲ್ಲಿ ಆರು ಜನ ಇದ್ದೆವು. ಮೊದಲ ಒಂದು ಗಂಟೆ ಎಲ್ಲರೂ 'ಆಹಾ' ಅಂದರು. ಎರಡನೇ ಗಂಟೆಗೆ ಒಬ್ಬ ಮಲಗಿದ, ಇನ್ನೊಬ್ಬ ಆಫೀಸಿನ ಮೇಲ್ ನೋಡಿದ. ಮೂರನೇ ಗಂಟೆಗೆ ಮನೆ ಸಾಲದ ಬಡ್ಡಿ ಬಗ್ಗೆ ಮಾತು ಬಂತು. ಕ್ಲೇಡನ್‌ನ ಐದು ಲಾಕ್ ಬಂದಾಗ ಎಲ್ಲರೂ ಎದ್ದು ದಡಕ್ಕೆ ಹಾರಿದರು. ಒಂದು ಗೇಟಿಗೆ ಇಬ್ಬರು ಬೆನ್ನು ಕೊಟ್ಟು ನಿಂತರೆ, ತೊಟ್ಟಿ ತುಂಬುವವರೆಗೆ ಮಾಡೋಕೆ ಬೇರೇನೂ ಇಲ್ಲ. ಮಾತಾಡಲೇಬೇಕು. ಎಂಟು ವರ್ಷದಿಂದ ಗೊತ್ತಿರುವ ಗೆಳೆಯನೊಬ್ಬ ತನ್ನ ತಂದೆಯ ಕೊನೆಯ ದಿನಗಳ ಬಗ್ಗೆ ನನ್ನ ಹತ್ತಿರ ಮೊದಲ ಸಲ ಮಾತಾಡಿದ್ದು ಅಲ್ಲೇ, ಗೇಟಿಗೆ ಬೆನ್ನು ಕೊಟ್ಟುಕೊಂಡು. ಮುಖ ಮುಖ ನೋಡಬೇಕಾಗಿಲ್ಲ, ಇಬ್ಬರೂ ನೀರು ನೋಡುತ್ತಿರುತ್ತೇವೆ. ಮೇಜಿನ ಎದುರುಬದುರು ಕೂತು ಆ ಮಾತು ಬರುತ್ತಿರಲಿಲ್ಲ ಅನ್ನಿಸುತ್ತದೆ.

ಗ್ರ್ಯಾಂಡ್ ಯೂನಿಯನ್ನಿನಲ್ಲಿ ಲಾಕ್‌ಗಳು ಎರಡು ಪಟ್ಟು ಅಗಲ. ಎರಡು ದೋಣಿ ಅಕ್ಕಪಕ್ಕ ಹಿಡಿಯುತ್ತವೆ. ನೀರು ಉಳಿಸಲು ಜೋಡಿ ಮಾಡಿಕೊಂಡು ಹೋಗುವುದು ರೂಢಿ. ಹ್ಯಾಟನ್‌ನಲ್ಲಿ 2 ಮೈಲಿ ಒಳಗೆ 21 ಲಾಕ್. ಕೆಳಗೆ ನಿಂತು ನೋಡಿದರೆ ತುದಿಗೆ ಬಿಳಿ ಬಣ್ಣ ಬಳಿದ ತೊಲೆಗಳು ಗುಡ್ಡದ ಮೇಲೆ ಸಾಲಾಗಿ ಕಾಣುತ್ತವೆ, ಎದೆ ಧಸಕ್ಕೆನ್ನುತ್ತದೆ. ನಮಗೆ ಜೋಡಿಯಾಗಿದ್ದು ಯಾರ್ಕ್‌ಶೈರಿನ ಒಬ್ಬ ಅಜ್ಜಿ ಮತ್ತು ಅವರ ಮೊಮ್ಮಗಳು. ಮೂರನೇ ಲಾಕ್‌ಗೆ ಹೆಸರು ಗೊತ್ತಾಯಿತು, ಹತ್ತನೇ ಲಾಕ್‌ಗೆ ಅವರ ಫ್ಲಾಸ್ಕಿನ ಟೀ ನಮಗೆ, ನಮ್ಮ ಕೋಡುಬಳೆ ಅವರಿಗೆ. ಮೇಲೆ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ ಆಗಿತ್ತು. ಅಲ್ಲೇ ಪಕ್ಕಪಕ್ಕ ದೋಣಿ ಕಟ್ಟಿ ರಾತ್ರಿ ಊಟವೂ ಒಟ್ಟಿಗೇ ಆಯಿತು. ಅಜ್ಜಿಗೆ ಸಾರು ಹಿಡಿಸಿತು, ಲೋಟದಲ್ಲಿ ಕುಡಿದರು.

ಬೇಸಿಗೆಯಲ್ಲಿ ದೊಡ್ಡ ಲಾಕ್ ಸಾಲುಗಳಲ್ಲಿ ಸ್ವಯಂಸೇವಕರು ಇರುತ್ತಾರೆ. ನಮ್ಮ ನೀರುಗಂಟಿಗಳೇ, ಲೈಫ್ ಜಾಕೆಟ್ ಹಾಕಿರುತ್ತಾರೆ ಅಷ್ಟೇ. ಫಾಕ್ಸ್‌ಟನ್‌ನಲ್ಲಿ ಹತ್ತು ಲಾಕ್‌ಗಳು ಐದೈದರಂತೆ ಒಂದಕ್ಕೊಂದು ಅಂಟಿಕೊಂಡಿವೆ, ಒಂದರ ಮೇಲಿನ ಬಾಗಿಲೇ ಇನ್ನೊಂದರ ಕೆಳಬಾಗಿಲು. ಅಲ್ಲಿ ಮೊದಲು ಕೆಂಪು ಬಣ್ಣದ ತೂಬು, ಆಮೇಲೆ ಬಿಳಿ. ಉಲ್ಟಾ ಮಾಡಿದರೆ ಏನಾಗುತ್ತೆ ಅಂತ ಪ್ರಾಸ ಕಟ್ಟಿ ಹೇಳಿಕೊಡುತ್ತಾರೆ, ಕೊನೆಯಲ್ಲಿ ಸಾವು ಬರುತ್ತದೆ. ನೆನಪಿರುತ್ತದೆ.

ಓಡಿಸಲು ಲೈಸೆನ್ಸ್ ಬೇಕಾ?

ಬಾಡಿಗೆ ದೋಣಿ ಓಡಿಸಲು ಬೇಡ. ಕೊಡುವವರೇ ಒಂದು ಗಂಟೆ ಹೇಳಿಕೊಟ್ಟು ಕಳಿಸುತ್ತಾರೆ. ದೋಣಿಗೆ ಮಾತ್ರ ಲೈಸೆನ್ಸ್ ಇರಬೇಕು.

ಚುಕ್ಕಾಣಿ ಹಿಂದೆ ಇರುತ್ತದೆ. ಬಲಕ್ಕೆ ಹೋಗಬೇಕಾದರೆ ಅದನ್ನು ಎಡಕ್ಕೆ ತಳ್ಳಬೇಕು. ಎದುರು ದೋಣಿ ಬಂದರೆ ನೀವು ಬಲಕ್ಕೆ ಸರಿಯಬೇಕು. ರಸ್ತೆಯಲ್ಲಿ ಎಡ, ನೀರಲ್ಲಿ ಬಲ. ಮೊದಲ ದಿನ ಮೂರು ಪೊದೆ, ಒಂದು ಸೇತುವೆಗೆ ಗುದ್ದಿದೆ. ಬ್ರೇಕ್ ಇಲ್ಲ, ರಿವರ್ಸ್ ಹಾಕಿದರೆ ನಿಧಾನಕ್ಕೆ ನಿಲ್ಲುತ್ತದೆ. 57 ಅಡಿ ದೋಣಿ ಬೇಕಾದಲ್ಲಿ ತಿರುಗುವುದೂ ಇಲ್ಲ. ತಿರುಗಿಸಲು ಅಲ್ಲಲ್ಲಿ ಕಾಲುವೆಯನ್ನು ಅಗಲ ಮಾಡಿರುತ್ತಾರೆ. ಅದು ತಪ್ಪಿದರೆ ಮುಂದಿನದು ಸಿಗುವವರೆಗೆ ಹೋಗುತ್ತಲೇ ಇರಬೇಕು. ಒಮ್ಮೆ ಮರೆತು ಬಂದ ಹಾಲಿನ ಪ್ಯಾಕೆಟ್ಟಿಗಾಗಿ ಅರ್ಧ ದಿನ ಕಳೆದಿದ್ದೇವೆ.

ಗೆಳೆಯರು ಎಲ್ಲಿ ಬಂದು ಸೇರಿದರು? ದೋಣಿ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?

ಈ ದಾರಿ ಆರಿಸಿದ್ದೇ ರೈಲಿಗಾಗಿ. ಬ್ಯಾನ್‌ಬರಿ, ಹೇಫರ್ಡ್, ಆಕ್ಸ್‌ಫರ್ಡ್, ಲೆಮಿಂಗ್ಟನ್, ವಾರಿಕ್ ಪಾರ್ಕ್‌ವೇ, ಎಲ್ಲ ಸ್ಟೇಷನ್ನುಗಳೂ ಕಾಲುವೆಯಿಂದ ನಡೆಯುವಷ್ಟು ಹತ್ತಿರ. ಹೇಫರ್ಡ್‌ನಲ್ಲಂತೂ ಪ್ಲಾಟ್‌ಫಾರಂ ಪಕ್ಕದಲ್ಲೇ ಕಾಲುವೆ. ಲಂಡನ್ನಿನವರು ಮ್ಯಾರಿಲಬೋನ್‌ನಲ್ಲಿ ಹತ್ತಿ ಬ್ಯಾನ್‌ಬರಿಯಲ್ಲಿ ಇಳಿದರು. ಶುಕ್ರವಾರ ಸಂಜೆ ಬಂದವರು ಭಾನುವಾರ ಬೇರೆ ಸ್ಟೇಷನ್ನಿನಿಂದ ಹೋದರು.

ಕಾಲುವೆಯ ಎಲ್ಲ ಸೇತುವೆಗೂ ನಂಬರ್ ಇದೆ. ಕಲ್ಲಿನ ಕಮಾನಿನ ಮೇಲೆ ಬರೆದಿರುತ್ತದೆ. ನಮ್ಮ ಊರಿನ ಮೈಲಿಗಲ್ಲು ಇದ್ದ ಹಾಗೆ. 'ಇಂಥ ನಂಬರ್ ಸೇತುವೆಯಿಂದ ಎರಡು ಸೇತುವೆ ಆಚೆ, ಹಸಿರು ದೋಣಿ' ಅಂದರೆ ಸಾಕು. ಆದರೆ ದೋಣಿಯವರದ್ದೊಂದು ಹಳೇ ಮಾತಿದೆ: ಜಾಗ ಕೇಳು, ಇಲ್ಲ ಸಮಯ ಕೇಳು, ಎರಡೂ ಕೇಳಬೇಡ. ಮೂರು ಗಂಟೆಗೆ ನಾವು ಎಲ್ಲಿರುತ್ತೇವೋ ಹೇಳಲಾರೆವು, ಕ್ರಾಪ್ರಿಡಿ ಹಳ್ಳಿಗೆ ಯಾವಾಗ ಮುಟ್ಟುತ್ತೇವೋ ಅದೂ ಗೊತ್ತಿಲ್ಲ. ಬೆಂಗಳೂರಿನಲ್ಲಿ ಇದ್ದು ಬಂದವರಿಗೆ ಇದು ಬೇಗ ಅರ್ಥವಾಯಿತು.

ಅಂದಾಜಿಗೆ ಒಂದು ಲೆಕ್ಕ ಇದೆ. ಒಂದು ಲಾಕನ್ನು ಒಂದು ಮೈಲಿ ಅಂತ ಹಿಡಿಯಿರಿ. ಮೈಲಿಗಳಿಗೆ ಅದನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ.

ದೋಣಿಯಲ್ಲಿ ಎಷ್ಟು ಜನ ಮಲಗಬಹುದು?

ಕಾಗದದ ಮೇಲೆ ಆರು. ಗೊರಕೆ ಲೆಕ್ಕ ಹಾಕಿದರೆ ನಾಲ್ಕು. ಊಟದ ಮೇಜನ್ನು ಕೆಳಗೆ ಇಳಿಸಿದರೆ ಹಾಸಿಗೆಯಾಗುತ್ತದೆ. ಅದರ ಮೇಲೆ ಮಲಗಿದವರು ಏಳುವವರೆಗೆ ಯಾರಿಗೂ ತಿಂಡಿ ಇಲ್ಲ. ಹಗಲಿಗೆ ಮಾತ್ರ ಬರುವವರು ಹತ್ತು ಜನ ಬಂದರೂ ಪರವಾಗಿಲ್ಲ, 12ಕ್ಕಿಂತ ಜಾಸ್ತಿ ಹತ್ತಿಸುವಂತಿಲ್ಲ.

ಅಡುಗೆ ಹೇಗೆ? ಮಿಕ್ಸಿ ಓಡುತ್ತಾ?

ಓಡಲ್ಲ. ಈ ಪ್ರಶ್ನೆಯನ್ನು ಎಲ್ಲ ಕನ್ನಡ ಹೆಂಗಸರೂ ಕೇಳಿದರು, ಒಬ್ಬ ಇಂಗ್ಲಿಷಿನವರೂ ಕೇಳಲಿಲ್ಲ. ದೋಣಿಯ ಕರೆಂಟ್ ಬ್ಯಾಟರಿಯದ್ದು. ಇಂಜಿನ್ ಓಡಿದಾಗ ಚಾರ್ಜ್ ಆಗುತ್ತದೆ, ಮೇಲೆ ಸೋಲಾರ್ ಹಲಗೆ ಇದ್ದರೆ ಇನ್ನೂ ಒಳ್ಳೆಯದು. ಫೋನ್, ದೀಪ, ಸಣ್ಣ ಫ್ರಿಜ್ಜಿಗೆ ಸಾಕು. 750 ವ್ಯಾಟಿನ ಮಿಕ್ಸಿ ಹಾಕಿದಾಗ ನಮ್ಮ ಇನ್ವರ್ಟರ್ ಕೂಗಿಕೊಂಡು ಮಲಗಿತು. ಗ್ಯಾಸ್ ಒಲೆ ಇರುತ್ತದೆ, ಆದ್ದರಿಂದ ಕುಕ್ಕರ್ ಧಾರಾಳವಾಗಿ ಕೂಗಿಸಬಹುದು. ಮೊದಲ ದಿನ ಕುಕ್ಕರ್ ಕೂಗಿದಾಗ ಪಕ್ಕದ ದೋಣಿಯವರು ಗಾಬರಿಯಾಗಿ ಓಡಿ ಬಂದರು.

ಕಾಯಿ ಚಟ್ನಿ ಆಸೆ ಬಿಡಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ ತನ್ನಿ. ದೋಸೆ ಹಿಟ್ಟು ಮನೆಯಲ್ಲೇ ರುಬ್ಬಿಕೊಂಡು ಬನ್ನಿ. ಇಂಗ್ಲೆಂಡಿನಲ್ಲಿ ಹಿಟ್ಟು ಉಬ್ಬಲ್ಲ ಅನ್ನುವುದು ಎಲ್ಲರ ಗೋಳು ಅಲ್ವಾ? ನನ್ನ ಹೆಂಡತಿ ಪಾತ್ರೆಯನ್ನು ಸಂಜೆ ಇಂಜಿನ್ ನಿಲ್ಲಿಸಿದ ಮೇಲೆ ಅದರ ಮೇಲಿನ ಹಲಗೆಯ ಮೇಲೆ ಇಟ್ಟಳು. ಬೆಳಿಗ್ಗೆ ಉಕ್ಕಿ ಚೆಲ್ಲಿತ್ತು. ದೋಣಿ ಯಜಮಾನರಿಗೆ ಇಂಜಿನ್ ಮೇಲೆ ಉದ್ದಿನ ಹಿಟ್ಟು ಕಂಡಿದ್ದು ಅದೇ ಮೊದಲು.

ಲೆಮಿಂಗ್ಟನ್‌ನಲ್ಲಿ ಇಂಡಿಯನ್ ಅಂಗಡಿಗಳಿವೆ, ಕರಿಬೇವು, ಹಸಿಮೆಣಸಿನಕಾಯಿ ಅಲ್ಲೇ ತುಂಬಿಕೊಂಡೆವು. ದಾರಿಯ ಪಬ್‌ಗಳಲ್ಲಿ ಸಸ್ಯಾಹಾರಿಗಳಿಗೆ ಈಗ ತೊಂದರೆ ಇಲ್ಲ, ಆದರೆ ಅಡುಗೆಮನೆ ಬೇಗ ಮುಚ್ಚುತ್ತಾರೆ. ಎಂಟೂವರೆ ಮೇಲೆ ಹೋದರೆ ಚಿಪ್ಸ್ ಪ್ಯಾಕೆಟ್ಟೇ ಗತಿ.

ಕೇಳೋಕೆ ಸಂಕೋಚ. ಟಾಯ್ಲೆಟ್?

ಸಂಕೋಚ ಬೇಡ, ದೋಣಿಯವರು ಸೇರಿದರೆ ಇದೇ ಮಾತು. ಕೆಲವು ದೋಣಿಯಲ್ಲಿ ದೊಡ್ಡ ಟ್ಯಾಂಕ್ ಇರುತ್ತದೆ, ದುಡ್ಡು ಕೊಟ್ಟು ಪಂಪ್ ಮಾಡಿಸಬೇಕು. ನಮ್ಮದರಲ್ಲಿ ಸೂಟ್‌ಕೇಸಿನಂಥ ಡಬ್ಬಿ. ತುಂಬಿದಾಗ ಎಳೆದುಕೊಂಡು ಹೋಗಿ, ಅದಕ್ಕೇ ಮಾಡಿರುವ ಜಾಗದಲ್ಲಿ ಸುರಿದು ತೊಳೆಯಬೇಕು. ಎರಡು ದಿನಕ್ಕೊಮ್ಮೆ. ಸರದಿ ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದ್ದೆವು, ಅತಿಥಿಗಳಿಗೂ ವಿನಾಯಿತಿ ಇರಲಿಲ್ಲ. ಒಬ್ಬ ದೊಡ್ಡ ಕಂಪನಿಯ ಡೈರೆಕ್ಟರ್ ಆ ಡಬ್ಬಿ ಎಳೆದುಕೊಂಡು ಹೋದ ಫೋಟೋ ನನ್ನ ಹತ್ತಿರ ಇದೆ.

ರಾತ್ರಿ ದೋಣಿ ಎಲ್ಲಿ ಕಟ್ಟುತ್ತೀರಿ? ದುಡ್ಡು ಕೊಡಬೇಕಾ?

ಏರಿ ಇರುವ ಕಡೆ, ಅಂದರೆ ಹಿಂದೆ ಕುದುರೆ ನಡೆಯುತ್ತಿದ್ದ ದಡದಲ್ಲಿ, ಬೋರ್ಡಿನಲ್ಲಿ ಬೇರೆ ಹೇಳದಿದ್ದರೆ 14 ದಿನದವರೆಗೆ ಪುಕ್ಕಟೆ. ಊರಿನ ಹತ್ತಿರ 24 ಅಥವಾ 48 ಗಂಟೆ ಮಿತಿ ಇರುತ್ತದೆ. ದಡಕ್ಕೆ ಗೂಟ ಹೊಡೆದು ಕಟ್ಟುವುದು, ಸಂತೆಗೆ ಹೋದಾಗ ಎತ್ತು ಕಟ್ಟಿದಂತೆ. ಲಾಕ್ ಹತ್ತಿರ, ಸೇತುವೆ ಕೆಳಗೆ, ತಿರುವಿನಲ್ಲಿ ಬೇಡ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಕಟ್ಟಿದ ದೋಣಿಯ ಇಂಜಿನ್ ಓಡಿಸುವಂತಿಲ್ಲ.

ಇಡೀ ತಿಂಗಳು ಬೋರ್ ಆಗಲಿಲ್ವಾ? ಸಂಜೆ ಏನು ಮಾಡ್ತಿದ್ರಿ?

ಜುಲೈನಲ್ಲಿ ಇಲ್ಲಿ ಕತ್ತಲಾಗುವುದು ರಾತ್ರಿ ಹತ್ತಕ್ಕೆ. ಆರಕ್ಕೆ ದೋಣಿ ಕಟ್ಟಿದರೂ ನಾಲ್ಕು ಗಂಟೆ ಬೆಳಕು ಉಳಿಯುತ್ತದೆ. ದಡದಲ್ಲಿ ಮಡಚುವ ಕುರ್ಚಿ ಹಾಕಿ ಕೂರುವುದು. ಒಬ್ಬರು ಈರುಳ್ಳಿ ಹೆಚ್ಚುತ್ತಾರೆ, ಒಬ್ಬರು ಅಂತ್ಯಾಕ್ಷರಿ ಶುರು ಮಾಡುತ್ತಾರೆ. ದಾರಿಹೋಕರು ನಿಂತು ಮಾತಾಡಿಸುತ್ತಾರೆ. ಇಂಗ್ಲಿಷಿನವರು ಅಪರಿಚಿತರ ಜೊತೆ ಮಾತಾಡಲ್ಲ ಅಂತ ಯಾರು ಹೇಳಿದರೋ, ಅವರು ಕಾಲುವೆ ದಡಕ್ಕೆ ಬಂದಿಲ್ಲ. ಲಂಡನ್ ಟ್ಯೂಬಿನಲ್ಲಿ ಹತ್ತು ವರ್ಷ ಕೂತರೂ ಆಗದ ಪರಿಚಯ ಇಲ್ಲಿ ಹತ್ತು ನಿಮಿಷಕ್ಕೆ ಆಗುತ್ತದೆ. ಕೆಲಸ ಬಿಟ್ಟು ಲಾಕ್ ಹತ್ತಿರ ನಿಂತು ಸುಮ್ನೆ ದೋಣಿ ನೋಡುವವರಿಗೆ ಇಲ್ಲಿ ಗಾಂಗೂಜ್ಲರ್ ಅಂತ ಹೆಸರೇ ಇದೆ. ನಮ್ಮಲ್ಲಿ ಅರಳಿಕಟ್ಟೆಯವರು ಅಂತೀವಲ್ಲ, ಅವರೇ.

ಮಳೆ ಬಂದರೆ?

ಬರುತ್ತದೆ. ಚುಕ್ಕಾಣಿ ಹಿಡಿದವರು ನೆನೆಯುತ್ತಾರೆ. ಕೊಡೆ ತರಬೇಡಿ, ಸೇತುವೆಗೆ ಬಡಿದು ಮುರಿಯುತ್ತದೆ. ಟೋಪಿ ಇರುವ ಒಳ್ಳೆ ರೇನ್‌ಕೋಟ್, ಒಂದು ಸ್ವೆಟರ್. ಜುಲೈ ಬೇಸಿಗೆ ಅಂತ ನಂಬಿ ಬರೀ ಟೀ ಶರ್ಟ್ ತಂದವರು ನನ್ನ ಸ್ವೆಟರ್ ಹಾಕಿಕೊಂಡು ಹೋಗಿದ್ದಾರೆ. ವಾಪಸ್ ಬಂದಿಲ್ಲ.

ನೀರಿಗೆ ಬಿದ್ದರೆ? ಮಕ್ಕಳನ್ನು ಕರ್ಕೊಂಡು ಬರಬಹುದಾ?

ಕಾಲುವೆ ಬಹಳ ಕಡೆ ಮೂರು ನಾಲ್ಕು ಅಡಿ ಆಳ. ಬಿದ್ದವರಿಗೆ ಮೊದಲು ಹೇಳುವ ಮಾತು 'ಎದ್ದು ನಿಲ್ಲು' ಅಂತ. ನಮ್ಮಲ್ಲಿ ಒಬ್ಬರು ಬಿದ್ದರು, ದಡಕ್ಕೆ ಒಂದು ಕಾಲು, ದೋಣಿಗೆ ಒಂದು ಕಾಲು ಇಟ್ಟು ಯೋಚನೆ ಮಾಡುತ್ತಾ ನಿಂತಿದ್ದಾಗ. ಸೊಂಟದವರೆಗೆ ಕೆಸರು, ಅಷ್ಟೇ. ಲಾಕ್ ಹಾಗಲ್ಲ, ಅದು ಆಳ, ಒಳಗೆ ನೀರು ಸುಳಿಯುತ್ತದೆ. ಅಲ್ಲಿ ಹುಡುಗಾಟ ಬೇಡ. ಮಕ್ಕಳಿಗೆ, ಈಜು ಬಾರದ ದೊಡ್ಡವರಿಗೆ ಲೈಫ್ ಜಾಕೆಟ್ ಹಾಕಿಸಿ. ದೋಣಿ ಗೋಡೆಗೆ ತಾಗುತ್ತಿದೆ ಅಂತ ಕೈ ಕಾಲು ಅಡ್ಡ ಕೊಡಬೇಡಿ, ಅದು ಹದಿನೈದು ಟನ್ ಕಬ್ಬಿಣ. ಕಾಲುವೆ ನೀರಿನಿಂದ ಇಲಿಜ್ವರ ಬರುವ ಸಾಧ್ಯತೆ ಇದೆ. ಗಾಯ ಇದ್ದರೆ ಮುಚ್ಚಿಕೊಳ್ಳಿ, ಹಗ್ಗ ಮುಟ್ಟಿದ ಕೈಯಲ್ಲಿ ಊಟಕ್ಕೆ ಕೂರಬೇಡಿ.

ಸುರಂಗ ಇದೆಯಂತಲ್ಲ?

ಇದೆ. ಬ್ರಾನ್‌ಸ್ಟನ್ ಸುರಂಗ 2,042 ಗಜ, ಅಂದರೆ 2 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ತೋಡುವಾಗ ಲೆಕ್ಕ ತಪ್ಪಿ ನಡುವೆ ಸೊಟ್ಟ ಆಗಿದೆ. ಎದುರಿಂದ ದೋಣಿ ಬರಬಹುದು. ದೂರದಲ್ಲಿ ಒಂದು ದೀಪ ಕಾಣುತ್ತದೆ, ಎಷ್ಟು ದೂರ ಅಂತ ಗೊತ್ತಾಗಲ್ಲ, ಹತ್ತು ನಿಮಿಷವಾದರೂ ಬರಲ್ಲ, ಆಮೇಲೆ ಥಟ್ಟನೆ ಪಕ್ಕದಲ್ಲೇ ಇರುತ್ತದೆ. ಹಿಂದೆ ಕುದುರೆಯನ್ನು ಗುಡ್ಡದ ಮೇಲಿಂದ ನಡೆಸಿ, ದೋಣಿಯವರು ಹಲಗೆ ಮೇಲೆ ಅಂಗಾತ ಮಲಗಿ, ಗೋಡೆಯನ್ನು ಕಾಲಿನಿಂದ ಒದ್ದು ಒದ್ದು ದೋಣಿ ದಾಟಿಸುತ್ತಿದ್ದರು. ಮಂಡ್ಯದ ಹುಲಿಕೆರೆ ಸುರಂಗದಲ್ಲಿ ನೀರು ಹೋಗುವುದನ್ನು ಚಿಕ್ಕಂದಿನಲ್ಲಿ ಹೊರಗೆ ನಿಂತು ನೋಡಿದ್ದೆ. ಒಳಗೆ ಹೋಗಲು 40 ವರ್ಷ, ಬೇರೆ ದೇಶ ಬೇಕಾಯಿತು.

ಏನಾದರೂ ಕೆಟ್ಟಿತಾ?

ಒಂದು ವಿಂಡ್‌ಲಾಸ್ ನೀರಿಗೆ ಬಿತ್ತು. ಎರಡು ಇಟ್ಟುಕೊಳ್ಳಿ.

ದೊಡ್ಡ ಕಥೆ ಇನ್ನೊಂದು. ಒಂದು ಊರಿನ ಹತ್ತಿರ ಇಂಜಿನ್ ಗುರ್ರೆಂದು ನಿಂತಿತು. ಹಿಂಭಾಗದಲ್ಲಿ ಒಂದು ಮುಚ್ಚಳ ಇರುತ್ತದೆ, ಅದನ್ನು ತೆಗೆದು ನೀರಿಗೆ ಕೈ ಹಾಕಿದರೆ ಪ್ರೊಪೆಲರ್ ಸಿಗುತ್ತದೆ. ಮೊದಲು ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಬೇಕು. ಕೈ ಹಾಕಿ ಎಳೆದೆ. ಬಟ್ಟೆ. ಎಳೆದಷ್ಟೂ ಬರುತ್ತಿತ್ತು, ದ್ರೌಪದಿಯ ಕಥೆ. ಬ್ರೆಡ್ ಚಾಕುವಿನಿಂದ ಕುಯ್ದು ಕುಯ್ದು ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಕೆಂಪು ಸೀರೆ, ಜರಿ ಅಂಚು. ದೋಣಿಯ ಯಜಮಾನರು ತಣ್ಣಗೆ, 'ಸೀರೆ ಸಿಕ್ಕಿದ್ದು ಇದು ಮೂರನೇ ಸಲ' ಅಂದರು. ತೆಂಗಿನಕಾಯಿ ಎಷ್ಟೋ ಸಲ ತೇಲಿ ಬಂದಿದೆಯಂತೆ. ಪೂಜೆಗೆ ಬಳಸಿದ್ದನ್ನು ಹರಿಯುವ ನೀರಿಗೆ ಬಿಡಬೇಕು ಅಂತ ನಮ್ಮವರು ಕಾಲುವೆಗೆ ಬಿಡುತ್ತಾರೆ. ಕಾಲುವೆ ಹರಿಯುವುದಿಲ್ಲ. ಅಲ್ಲೇ ನಿಂತಿರುತ್ತದೆ, ಮುಂದಿನ ದೋಣಿಗೆ ಕಾಯುತ್ತಾ. ಆವತ್ತು ನನಗೆ ನಾಚಿಕೆಯಾಯಿತು. ಅವರ ಜೊತೆ ಜೋರಾಗಿ ನಕ್ಕೂಬಿಟ್ಟೆ.

ಇಷ್ಟು ದಿನ ಒಟ್ಟಿಗೆ ಇದ್ದು ಜಗಳ ಆಗಲಿಲ್ವಾ?

ಆಯಿತು. ನೀರಿನ ಟ್ಯಾಂಕ್ ಖಾಲಿ ಆಗುವವರೆಗೆ ಒಬ್ಬರು ತಲೆ ಸ್ನಾನ ಮಾಡಿದ್ದಕ್ಕೆ. ಅವತ್ತು ಅವರನ್ನು ಮುಂದಿನ ಲಾಕ್‌ಗೆ ನಡೆದುಕೊಂಡು ಹೋಗಿ ಗೇಟ್ ತೆರೆದಿಡಲು ಕಳಿಸಿದೆವು. ಒಂದು ಮೈಲಿ ನಡೆದರೆ ಕೋಪ ಇಳಿಯುತ್ತದೆ. ಅವರದ್ದೂ, ನಮ್ಮದೂ.

ಖರ್ಚು?

ಬಾಡಿಗೆಗೆ ತೆಗೆದುಕೊಂಡರೆ ಬೇಸಿಗೆಯಲ್ಲಿ ನಾಲ್ಕು ಜನರ ದೋಣಿಗೆ ವಾರಕ್ಕೆ ಸಾಮಾನ್ಯವಾಗಿ ಸಾವಿರ ಪೌಂಡ್ ದಾಟುತ್ತದೆ, ಶಾಲೆ ರಜೆಯಲ್ಲಿ ಎರಡು ಸಾವಿರದ ಹತ್ತಿರಕ್ಕೂ ಹೋಗುತ್ತದೆ. ಡೀಸೆಲ್ ಸೇರಿದೆಯಾ ಅಂತ ಮೊದಲೇ ಕೇಳಿ. ಅಗ್ಗವಲ್ಲ. ಮೊದಲ ಸಲಕ್ಕೆ ಮೂರು ರಾತ್ರಿ ಸಾಕು.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಒಂದೇ ದಿನ ಇದೆ. ಎಲ್ಲಿಗೆ ಕರ್ಕೊಂಡು ಹೋಗೋದು?

ಲಂಡನ್ನಿನಲ್ಲಿದ್ದರೆ ಲಿಟಲ್ ವೆನಿಸ್‌ನಿಂದ ಕ್ಯಾಮ್‌ಡೆನ್‌ಗೆ ರೀಜೆಂಟ್ಸ್ ಕಾಲುವೆಯಲ್ಲಿ ದೋಣಿ ಹೋಗುತ್ತದೆ, ಟಿಕೆಟ್ ತೆಗೆದುಕೊಂಡು ಕೂತರೆ ಆಯಿತು. ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಗೆ ಹೇಗೂ ಹೋಗುತ್ತೀರಿ, ಅದೇ ದಿನ ಸೇರಿಸಿಕೊಳ್ಳಬಹುದು.

ಇನ್ನೂ ದೂರ ಹೋಗಲು ಆಗುವುದಾದರೆ ವೇಲ್ಸ್‌ನ ಪಾಂಟ್‌ಕಸುಲ್ತೆ ಮೇಲ್ಗಾಲುವೆ. ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಟ್ಟಿ, ಅದರಲ್ಲಿ ನೀರು, ನೀರಿನಲ್ಲಿ ದೋಣಿ. 1805ರಲ್ಲಿ ಕಟ್ಟಿ ಮುಗಿಸಿದ್ದು, 2009ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಂದು ಪಕ್ಕ ನಡೆಯುವ ದಾರಿ, ಕಂಬಿ ಇದೆ. ಇನ್ನೊಂದು ಪಕ್ಕ ಏನೂ ಇಲ್ಲ. ದೋಣಿಯಿಂದ ಇಣುಕಿದರೆ ನೇರ ಕೆಳಗೆ ನದಿ. ತಲೆ ಸುತ್ತುವ ಅಮ್ಮಂದಿರನ್ನು ಕಂಬಿ ಕಡೆ ಕೂರಿಸಿ.

ನೀರು ಕಡಿಮೆಯಾಗಿ ಕಾಲುವೆ ಮುಚ್ಚುತ್ತಾರಂತೆ, ನಿಜವಾ?

ನಿಜ. ಎರಡು ದೋಣಿ ಹಿಡಿಯುವ ಅಗಲದ ಲಾಕ್ ಒಂದು ಸಲಕ್ಕೆ 2 ಲಕ್ಷ ಲೀಟರಿಗೂ ಮೀರಿ ನೀರನ್ನು ಕೆಳಕ್ಕೆ ಬಿಡುತ್ತದೆ. ಮೇಲಿನ ಕೆರೆಗಳಿಂದ ಅಷ್ಟು ಬರಬೇಕು. 2025ರ ಬರದಲ್ಲಿ ಲೀಡ್ಸ್-ಲಿವರ್‌ಪೂಲ್ ಕಾಲುವೆಯ ಬಹುಭಾಗ ತಿಂಗಳುಗಟ್ಟಲೆ ಮುಚ್ಚಿತ್ತು. ಕೆ.ಆರ್.ಎಸ್. ನೀರಿನ ಮಟ್ಟ ಎಷ್ಟು ಅಂತ ಪೇಪರಿನಲ್ಲಿ ನೋಡಿ ಬೆಳೆದವನು ನಾನು. ಇಲ್ಲಿಯೂ ಹೊರಡುವ ವಾರ ಟ್ರಸ್ಟ್‌ನವರ ಸೂಚನೆ ನೋಡಿ, ಒಂದು ಬದಲಿ ದಾರಿ ಇಟ್ಟುಕೊಳ್ಳಿ.

ಮುಂದಿನ ಜುಲೈಗೆ ನಾವೂ ಬರಬಹುದಾ?

ಮೊದಲ ಎರಡು ವಾರ ತುಂಬಿದೆ. ನಾಲ್ಕನೇ ವಾರ ನನ್ನ ತಂಗಿ ಮನೆಯವರು ಬರುತ್ತಾರೆ. ಮೂರನೇ ವಾರ ಎರಡು ಹಾಸಿಗೆ ಖಾಲಿ ಇದೆ, ಮೇಜಿನ ಮೇಲಿನದ್ದು. ಆ ವಾರ ಮತ್ತೆ ಹ್ಯಾಟನ್, 21 ಲಾಕ್ ಮೇಲೆ, 21 ಲಾಕ್ ಕೆಳಗೆ. ವಾರಿಕ್ ಪಾರ್ಕ್‌ವೇ ಸ್ಟೇಷನ್ನಿನಲ್ಲಿ ಇಳಿದು ಫೋನ್ ಮಾಡಿ, ಸೇತುವೆ ನಂಬರ್ ಹೇಳುತ್ತೇನೆ. ಚಕ್ರದ ಸೂಟ್‌ಕೇಸ್ ಬೇಡ, ಇಡಲು ಜಾಗ ಇಲ್ಲ, ಬಟ್ಟೆ ಚೀಲ ತನ್ನಿ. ಬರುವಾಗ ನನ್ನ ಸ್ವೆಟರ್ ಯಾರ ಹತ್ತಿರ ಇದೆಯೋ ಅದನ್ನೂ ತನ್ನಿ.